ವೆಲ್ಷ್ ಪದವಿ: ‘ಎರಡನೇ ಭಾಷೆ’ಯ ದಾರಿಯಲ್ಲಿ ಸೇರುವವರು ತಿಳಿದಿರಬೇಕಾದದ್ದು

ಬ್ರಿಟನ್ನಿನ ಭಾಗವಾದ ವೇಲ್ಸ್‌ನ ವಿಶ್ವವಿದ್ಯಾಲಯಗಳಲ್ಲಿ ಆ ನಾಡಿನ ಭಾಷೆ ವೆಲ್ಷ್ ಕಲಿಸುವ ವಿಭಾಗದ ಕೋರ್ಸ್ ವಿವರ ಓದುವಾಗ ನಮ್ಮ ಕನ್ನಡಿಗರು ಎಡವುವುದು ಎರಡು ಪದಗಳಲ್ಲಿ. ಒಂದು ‘ಎರಡನೇ ಭಾಷೆ’, ವೆಲ್ಷ್‌ನಲ್ಲಿ ‘ಐಲ್ ಯೈಥ್’. ಇದನ್ನು ಓದಿ ‘ಓ, ಹೊಸಬರಿಗಾಗಿ ಇರುವ ದಾರಿ’ ಅಂದುಕೊಳ್ಳುತ್ತಾರೆ. ಹಾಗಲ್ಲ. ಮನೆಯಲ್ಲಿ ಬೇರೆ ಭಾಷೆ ಮಾತಾಡಿಕೊಂಡು, ಶಾಲೆಯಲ್ಲಿ ವೆಲ್ಷ್ ಅನ್ನು ವಿಷಯವಾಗಿ ಕಲಿತು, ಎ-ಲೆವೆಲ್ (ನಮ್ಮ ಪಿಯುಸಿಯ ಮಟ್ಟ) ತನಕ ಓದಿದವರಿಗೆ ಮಾಡಿದ ದಾರಿ ಅದು. ಅಕ್ಷರದಿಂದ ಶುರುಮಾಡುವವರ ದಾರಿಗೆ ‘ದೆಖ್ರೈವಿರ್’ ಎಂಬ ಬೇರೆಯೇ ಹೆಸರಿದೆ, ಅದು ಎಲ್ಲ ವಿಭಾಗಗಳಲ್ಲೂ ಇರುವುದಿಲ್ಲ. ಇನ್ನೊಂದು ಪದ ‘ಪ್ಲೇಸ್‌ಮೆಂಟ್’. ಬೆಂಗಳೂರಿನ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಆಯಿತು ಅಂದರೆ ಕೆಲಸ ಸಿಕ್ಕಿತು ಅಂತ. ಇಲ್ಲಿ ಅದು ಓದಿನ ನಡುವೆ ಕಚೇರಿಯಲ್ಲೋ ಶಾಲೆಯಲ್ಲೋ ಕೆಲಸ ಮಾಡಿ ಅಂಕ ಪಡೆಯುವ ಪಾಠ. ನಾವು ಇಂಟರ್ನ್‌ಶಿಪ್ ಅನ್ನುವುದಕ್ಕೆ ಹತ್ತಿರ. ಮುಗಿದ ಮೇಲೆ ನೌಕರಿ ಕೊಡುತ್ತೇವೆ ಎಂಬ ಮಾತು ಅದರೊಳಗೆ ಇಲ್ಲ.

ಈ ಓದಿಗೆ ಕೆಲಸದ ಬೆಲೆ ಬಂದದ್ದು ಕಾನೂನಿನಿಂದ. 2021ರ ಜನಗಣತಿಯಲ್ಲಿ ವೇಲ್ಸ್‌ನಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ, ಅಂದರೆ 17.8%. ಆದರೂ 2011ರ ಭಾಷಾ ಕಾಯ್ದೆ ವೆಲ್ಷ್‌ಗೆ ಅಧಿಕೃತ ಸ್ಥಾನ ಕೊಟ್ಟಿತು. ಕೌನ್ಸಿಲ್ (ಸ್ಥಳೀಯ ಆಡಳಿತ), ಆಸ್ಪತ್ರೆ ಮಂಡಳಿ, ವಿಶ್ವವಿದ್ಯಾಲಯಗಳು ವೆಲ್ಷ್‌ನಲ್ಲಿ ಬಂದ ಪತ್ರಕ್ಕೆ ವೆಲ್ಷ್‌ನಲ್ಲೇ ಉತ್ತರಿಸಬೇಕು, ಫಲಕ, ಫಾರಂ, ಜಾಲತಾಣ ಎರಡೂ ಭಾಷೆಯಲ್ಲಿರಬೇಕು ಎಂಬ ನಿಯಮಗಳು ಆಮೇಲೆ ಬಂದವು. ಖಾಸಗಿ ಅಂಗಡಿಗಳಿಗೆ ಈ ಕಟ್ಟಳೆ ಇಲ್ಲ. ಕರ್ನಾಟಕದಲ್ಲಿ ಅಂಗಡಿ ಬೋರ್ಡಿನ ಶೇ. 60 ಕನ್ನಡಕ್ಕೆ ನಾವು ಜಗಳವಾಡಿದರೆ, ಇಲ್ಲಿ ಒತ್ತು ಬಿದ್ದಿರುವುದು ಸರ್ಕಾರಿ ಸೇವೆಯ ಮೇಲೆ. ಹಾಗಾಗಿ ಪ್ಲೇಸ್‌ಮೆಂಟ್ ಸಿಗುವುದೂ ಹೆಚ್ಚಾಗಿ ಆ ಕಡೆಯೇ.

ಎಲ್ಲಿ ನಿಂತಿದ್ದೀರಿ ಎಂದು ಮೊದಲು ನೋಡಿಕೊಳ್ಳಿ

ಕಾರ್ಡಿಫ್, ನ್ಯೂಪೋರ್ಟ್, ಸ್ವಾನ್ಸಿ ಕಡೆ ಬೆಳೆದ ನಮ್ಮ ಮಕ್ಕಳು 16ರ ತನಕ ಶಾಲೆಯಲ್ಲಿ ವೆಲ್ಷ್ ಓದಿಯೇ ಇರುತ್ತಾರೆ, ಅದು ಕಡ್ಡಾಯ. ಆದರೆ ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ) ಮಟ್ಟಕ್ಕೆ ನಿಂತರೆ ‘ಐಲ್ ಯೈಥ್’ ದಾರಿಗೆ ಸಾಮಾನ್ಯವಾಗಿ ಸಾಲದು. ಎ-ಲೆವೆಲ್ ವಿಷಯ ಆರಿಸುವಾಗಲೇ ವೆಲ್ಷ್ ಎರಡನೇ ಭಾಷೆಯನ್ನು ತೆಗೆದುಕೊಂಡಿರಬೇಕು. 17ನೇ ವಯಸ್ಸಿನಲ್ಲಿ ‘ಗಣಿತ, ರಸಾಯನಶಾಸ್ತ್ರ ಸಾಕು’ ಎಂದು ಮನೆಯಲ್ಲಿ ತೀರ್ಮಾನಿಸಿ, ಒಂದು ವರ್ಷದ ನಂತರ ಮನಸ್ಸು ಬದಲಾದರೆ ಆ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ.

ಊರಿನಿಂದ ನೇರ ಬರುವವರು, ಅಥವಾ ಕೆಲಸಕ್ಕೆ ಬಂದು ನೆಲೆಸಿದವರು, ಮೊದಲು ವಯಸ್ಕರ ವೆಲ್ಷ್ ಕಲಿಕೆಯ ಮಟ್ಟಗಳ ಲೆಕ್ಕ ತಿಳಿಯಬೇಕು. ಮೊದಲ ಮಟ್ಟ ಮನೆದ್ಯದ್, ಆಮೇಲೆ ಸಲ್‌ವೈನ್, ಕನೋಲ್‌ರದ್, ಇವ್ಖ್, ಕೊನೆಗೆ ಗ್ಲೊಯ್ವಿ. ಭಾಷಾ ಮಟ್ಟಕ್ಕೆ ಯುರೋಪಿನಲ್ಲಿ ಬಳಸುವ ಅಳತೆಯಲ್ಲಿ ಮೊದಲ ನಾಲ್ಕು ಎ1, ಎ2, ಬಿ1, ಬಿ2. ವಾರಕ್ಕೆ 2 ಗಂಟೆಯ ತರಗತಿಗೆ ವರ್ಷಕ್ಕೆ 30 ವಾರ ಹೋದರೆ ಸಿಗುವುದು 60 ಗಂಟೆ. ಅಷ್ಟರಲ್ಲಿ ಮನೆದ್ಯದ್‌ನ ಅರ್ಧ ದಾಟುತ್ತೀರಿ. ಅಂದರೆ ಸಂಜೆ ತರಗತಿಯ ವೇಗದಲ್ಲಿ ಪದವಿಯ ಹೊಸ್ತಿಲಿಗೆ ಬರಲು ಹಲವು ವರ್ಷ ಬೇಕು. ತೀವ್ರ ತರಗತಿಗಳು ಇರುವುದು ಅದಕ್ಕೇ. ಲೀನ್ ಪರ್ಯಾಯ ದ್ವೀಪದ ನಾಂತ್ ಗುರ್ಥೈರ್ನ್‌ನಲ್ಲಿ ಅಲ್ಲೇ ಉಳಿದುಕೊಂಡು ಕಲಿಯುವ ಕೇಂದ್ರವೂ ಇದೆ. ವೇಲ್ಸ್‌ನಲ್ಲಿರುವ 16ರಿಂದ 25 ವಯಸ್ಸಿನವರಿಗೆ ರಾಷ್ಟ್ರೀಯ ವೆಲ್ಷ್ ಕಲಿಕಾ ಕೇಂದ್ರದ ತರಗತಿಗಳು ಉಚಿತ.

ಇನ್ನೊಂದು ಮಾತು: ‘ಎರಡನೇ ಭಾಷೆ’ ಎಂಬುದು ಒಳಬರುವ ಬಾಗಿಲ ಹೆಸರೇ ಹೊರತು ರಿಯಾಯಿತಿಯಲ್ಲ. ಮೊದಲ ವರ್ಷ ವ್ಯಾಕರಣ, ಮಾತು, ಬರವಣಿಗೆಗೆ ಪ್ರತ್ಯೇಕ ತರಗತಿ ಕೊಡುತ್ತಾರೆ. ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಇವರು, ವೆಲ್ಷ್ ಮಾತೃಭಾಷೆಯವರು ಎಂಬ ಎರಡೂ ಗುಂಪು ಒಂದೇ ಕೊಠಡಿಯಲ್ಲಿ ಕೂತು ಮಧ್ಯಯುಗದ ಕಾವ್ಯವನ್ನೂ ಇಂದಿನ ಕಾದಂಬರಿಯನ್ನೂ ಓದುತ್ತವೆ. ಅಷ್ಟರೊಳಗೆ ಏರಬೇಕಾದ ಎತ್ತರ ಸಣ್ಣದಲ್ಲ.

ವ್ಯಾಕರಣ: ಕನ್ನಡಿಗರಿಗೆ ಎಲ್ಲಿ ಸಲೀಸು, ಎಲ್ಲಿ ಕಷ್ಟ

ಎಲ್ಲರೂ ಹೆದರುವುದು ‘ತ್ರೈಗ್ಲಾದ್’ಗೆ, ಅಂದರೆ ಪದದ ಮೊದಲ ಅಕ್ಷರ ಬದಲಾಗುವುದಕ್ಕೆ. ಆದೇಶ ಸಂಧಿ ಕಲಿತವರು ಹೆದರಬೇಕಾಗಿಲ್ಲ. ಮಳೆ + ಕಾಲ ಮಳೆಗಾಲ, ಹೂ + ತೋಟ ಹೂದೋಟ, ಕಣ್ + ಪನಿ ಕಂಬನಿ. ಕ, ತ, ಪಗಳಿಗೆ ಗ, ದ, ಬ. ವೆಲ್ಷ್‌ನ ಮೃದು ಬದಲಾವಣೆಯ ಮೊದಲ ಮೂರು ಸಾಲೂ ಇದೇ: ಕಾಥ್ ಅಂದರೆ ಬೆಕ್ಕು, ನಿನ್ನ ಬೆಕ್ಕು ‘ದ ಗಾಥ್’. ತಾದ್ ಅಂದರೆ ಅಪ್ಪ, ನಿನ್ನ ಅಪ್ಪ ‘ದ ದಾದ್’. ಪೆನ್ ಅಂದರೆ ತಲೆ, ನಿನ್ನ ತಲೆ ‘ದ ಬೆನ್’. ಹಳಗನ್ನಡದಲ್ಲಿ ಬ, ಮಗಳಿಗೆ ವ ಬರುತ್ತದಲ್ಲ, ಮೆಲ್ + ಮಾತು ಮೆಲ್ವಾತು ಆಗುವ ಹಾಗೆ? ಅದೂ ಇಲ್ಲಿದೆ. ಬಾರ ಅಂದರೆ ಬ್ರೆಡ್, ನಿನ್ನ ಬ್ರೆಡ್ ‘ದ ವಾರ’. ಅಮ್ಮ ‘ಮಮ್’, ನಿನ್ನ ಅಮ್ಮ ‘ದ ವಮ್’.

ವ್ಯತ್ಯಾಸ ಇರುವುದು ಕಾರಣದಲ್ಲಿ. ನಮ್ಮಲ್ಲಿ ಎರಡು ಪದ ಸೇರಿ ಒಂದಾದಾಗ ಅಕ್ಷರ ಬದಲಾಗುತ್ತದೆ. ಅವರಲ್ಲಿ ಹಿಂದಿನ ಪದ ಯಾವುದು, ವಾಕ್ಯದಲ್ಲಿ ಅದರ ಕೆಲಸವೇನು ಎಂಬುದೇ ಬದಲಿಸುತ್ತದೆ, ಅರ್ಥವೂ ಅದರ ಮೇಲೆ ನಿಲ್ಲುತ್ತದೆ. ‘ಈ ಗಾಥ್’ ಅಂದರೆ ಅವನ ಬೆಕ್ಕು, ‘ಈ ಖಾಥ್’ ಅಂದರೆ ಅವಳ ಬೆಕ್ಕು. ಮೊದಲಿನ ‘ಈ’ ಎರಡರಲ್ಲೂ ಒಂದೇ. ಗಕಾರವಂತೂ ಮೃದುವಾದರೆ ಪೂರ್ತಿ ಮಾಯ: ‘ಗಾರ್ದ್’ ತೋಟ, ನಿನ್ನ ತೋಟ ‘ದ ಆರ್ದ್’. ಹೊಸಬರು ನಿಘಂಟಿನಲ್ಲಿ ‘ಆರ್ದ್’ ಹುಡುಕಿ ಸಿಗದೆ ಕೈಚೆಲ್ಲುತ್ತಾರೆ. ಸ್ವರದಿಂದ ಶುರುವಾದ ಪದ ಸಿಗದಿದ್ದರೆ ಮುಂದೆ ಗ ಇಟ್ಟು ಹುಡುಕಿ. ವದಿಂದ ಶುರುವಾದದ್ದು ಸಿಗದಿದ್ದರೆ ಬ ಮತ್ತು ಮ ಎರಡನ್ನೂ ನೋಡಿ.

ನಿಜವಾದ ಕಷ್ಟ ಲಿಂಗ. ಕನ್ನಡದಲ್ಲಿ ಮೇಜು, ಸೇತುವೆ, ವಾರ ಎಲ್ಲ ನಪುಂಸಕ. ಇಲ್ಲಿ ಪ್ರತಿ ನಾಮಪದವೂ ಗಂಡೋ ಹೆಣ್ಣೋ, ಹೆಣ್ಣಾದರೆ ‘ಅ’ ಎಂಬ ನಿರ್ದೇಶಕದ (ಇಂಗ್ಲಿಷಿನ ‘ದಿ’ ಹಾಗೆ) ನಂತರ ಮೃದುವಾಗಬೇಕು, ‘ಎರಡು’ ಎಂಬ ಸಂಖ್ಯೆಯೂ ‘ದೈ’ ಬಿಟ್ಟು ‘ದೂಯ್’ ಆಗಬೇಕು. ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ. ‘ಕಾಥ್’ ಅಲ್ಲ, ‘ಅ ಗಾಥ್’ ಎಂದೇ ಕಲಿಯಿರಿ, ಲಿಂಗ ತಾನೇ ಅಂಟಿಕೊಂಡು ಬರುತ್ತದೆ.

ಕೆಲವು ಕಡೆ ಇಂಗ್ಲಿಷ್ ಮಾತಾಡುವ ಸಹಪಾಠಿಗಳಿಗಿಂತ ನೀವೇ ಮುಂದಿರುತ್ತೀರಿ. ವೆಲ್ಷ್‌ನಲ್ಲಿ ‘ಹೌದು’ ಎಂಬ ಒಂದೇ ಪದ ಸಾಲದು. ‘ಇದೆಯಾ?’ ಅಂದರೆ ‘ಇದೆ’, ‘ಬರ್ತೀಯಾ?’ ಅಂದರೆ ‘ಬರ್ತೀನಿ’ ಎಂದ ಹಾಗೆ ಕ್ರಿಯಾಪದವನ್ನೇ ತಿರುಗಿಸಿ ಹೇಳಬೇಕು. (ನೀವು ಇಲ್ಲಿ ಇರುತ್ತೀರಾ ಎಂಬುದಕ್ಕೆ ಉತ್ತರ ‘ಅದು’. ಬರೆಯುವ ರೀತಿ ಬೇರೆ, ಕಿವಿಗೆ ಮಾತ್ರ ನಮ್ಮ ‘ಅದು’ವೇ.) ನೆಗಡಿಯನ್ನು ಯಾರೂ ‘ಹೊಂದಿರುವುದಿಲ್ಲ’, ಅದು ನಿಮ್ಮ ಮೇಲೆ ಇರುತ್ತದೆ: ‘ಮೈ ಅನ್ನುಯ್ದ್ ಅರ್ನ ಈ’. ‘ತೀ’ ಮತ್ತು ‘ಖೀ’ ನಮ್ಮ ನೀನು, ನೀವು. ಕಚೇರಿಯಲ್ಲಿ ‘ಖೀ’ಯಿಂದ ಶುರುಮಾಡಿ, ಅವರಾಗಿ ‘ತೀ’ ಅನ್ನಿ ಎಂದ ಮೇಲೆ ಬದಲಿಸಿ. ಗ್ರಾಂಥಿಕಕ್ಕೂ ಆಡುಮಾತಿಗೂ ದೂರವಿದೆ, ಉತ್ತರಕ್ಕೂ ದಕ್ಷಿಣಕ್ಕೂ ದೂರವಿದೆ. ಹಾಲು ದಕ್ಷಿಣದಲ್ಲಿ ‘ಹ್ಲೈಥ್’, ಉತ್ತರದಲ್ಲಿ ‘ಹ್ಲೆವ್ರಿಥ್’. ‘ಈಗ’ ಎಂಬುದು ಕಾರ್ಡಿಫ್‌ನಲ್ಲಿ ‘ನವ್ರ್’, ಬ್ಯಾಂಗರ್‌ನಲ್ಲಿ ‘ರೂಅನ್’. ಧಾರವಾಡ, ಮೈಸೂರು ಎರಡನ್ನೂ ಕೇಳಿ ಬೆಳೆದ ಕಿವಿಗೆ ಇದು ದೊಡ್ಡ ವಿಷಯವಲ್ಲ. ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ಪ್ಲೇಸ್‌ಮೆಂಟ್ ನಡೆಯುವ ಬಗೆ

ವರ್ಷಕ್ಕೆ 120 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 10 ಗಂಟೆ ಎಂಬ ಲೆಕ್ಕ. 20 ಕ್ರೆಡಿಟ್‌ನ ಕೆಲಸದ ಪಾಠವೆಂದರೆ 200 ಗಂಟೆ. ಇದರಲ್ಲಿ ಕಚೇರಿಯಲ್ಲಿ ಕೂರುವುದು ಒಂದು ಭಾಗ ಮಾತ್ರ, ಉಳಿದದ್ದು ತರಗತಿ, ಕೆಲಸದ ದಿನಚರಿ, ವರದಿ, ಕೆಲವೆಡೆ ಮೌಖಿಕ ಮಂಡನೆ. ದಿನಚರಿಯನ್ನು ಕೊನೆಯ ವಾರ ಒಟ್ಟಿಗೆ ಬರೆದರೆ ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ, ಮೊದಲ ದಿನವೂ ಕೊನೆಯ ದಿನವೂ ಒಂದೇ ಮಟ್ಟದ ಭಾಷೆಯಲ್ಲಿ ಇರುತ್ತವೆ.

ಸ್ಥಳಗಳು ಹಲವು: ಕೌನ್ಸಿಲ್‌ನ ಅನುವಾದ ಘಟಕ, ಊರೂರಿನ ‘ಮೆಂತೆರ್ ಯೈಥ್’ ಎಂಬ ಭಾಷಾ ಸಂಘ, 1922ರಲ್ಲಿ ಶುರುವಾದ ಯುವಸಂಘಟನೆ ಇರ್ದ್, ಶಾಲೆ, ಪ್ರಕಾಶನ, ಟಿವಿ, ರೇಡಿಯೊ. ವಾಯವ್ಯ ವೇಲ್ಸ್‌ನ ಗ್ವಿನೆದ್ ಕೌನ್ಸಿಲ್‌ನಲ್ಲಿ ಒಳಗಿನ ಆಡಳಿತವೇ ವೆಲ್ಷ್‌ನಲ್ಲಿ ನಡೆಯುತ್ತದೆ. ಮಾತು ಹರಿಯಬೇಕಾದರೆ ಅಂಥ ಜಾಗ ಒಳ್ಳೆಯದು, ಆದರೆ ಬಿ1 ದಾಟದವರು ಅಲ್ಲಿ ಸಭೆಯಲ್ಲಿ ಮೂಕರಾಗಿ ಕೂರುತ್ತಾರೆ. ಮಕ್ಕಳ ಚಟುವಟಿಕೆಯಿಂದ ಶುರುಮಾಡುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಮಕ್ಕಳು ನಿಮ್ಮ ಉಚ್ಚಾರ ಕೇಳಿ ಇಂಗ್ಲಿಷ್‌ಗೆ ಹಾರುವುದು ಕಡಿಮೆ. ದೊಡ್ಡವರು ಹಾರುತ್ತಾರೆ, ಅದು ಅವರ ಸೌಜನ್ಯ. ಆಗ ಹೇಳಬೇಕಾದದ್ದು: ‘ದುಇನ್ ದಸ್ಗಿ ಕಮ್ರಾಯ್ಗ್. ಶರಾದುಖ್ ಅನ್ ಆರಾವ್, ಓಸ್ ಗ್ವೆಲುಖ್ ಅನ್ ದಾ’. ಕಲಿಯುತ್ತಿದ್ದೇನೆ, ದಯವಿಟ್ಟು ನಿಧಾನವಾಗಿ ಮಾತಾಡಿ. ಕಿತ್ತಳೆ ಬಣ್ಣದ ಮಾತಿನ ಗುಳ್ಳೆ ಇರುವ ಬ್ಯಾಡ್ಜ್ ವೆಲ್ಷ್ ಮಾತಾಡುವವರ ಗುರುತು. ಕಲಿಯುವವರಿಗೂ ಬೇರೆ ಬ್ಯಾಡ್ಜ್ ಇದೆ, ಕೇಳಿ ತೊಟ್ಟುಕೊಳ್ಳಿ.

ಅನುವಾದ ಘಟಕದಲ್ಲಿ ಮೊದಲು ಕೊಡುವುದು ಎರಡು ಸಾಲಿನ ಸೂಚನೆ, ಉದ್ಯೋಗ ಜಾಹೀರಾತು, ಬಸ್ ವೇಳೆಯ ಬದಲಾವಣೆ. ಬ್ಯಾಂಗರ್ ವಿಶ್ವವಿದ್ಯಾಲಯದ ‘ಕಸಿಹ್ಲ್’ ತಂತ್ರಾಂಶ ಕಾಗುಣಿತ ಮತ್ತು ತ್ರೈಗ್ಲಾದ್ ತಪ್ಪು ಹಿಡಿಯುತ್ತದೆ, ಸರ್ಕಾರದ ‘ಟರ್ಮ್‌ಕಮ್ರಿ’ ಪಾರಿಭಾಷಿಕ ಪದ ಕೊಡುತ್ತದೆ. ಅರ್ಥ ತಪ್ಪಿದರೆ ಎರಡೂ ಸುಮ್ಮನಿರುತ್ತವೆ. ಇನ್ನೊಬ್ಬರು ಓದದೆ ಏನೂ ಹೊರಗೆ ಹೋಗಬಾರದು. 2008ರಲ್ಲಿ ಸ್ವಾನ್ಸಿಯಲ್ಲಿ ಒಂದು ರಸ್ತೆ ಫಲಕದ ವೆಲ್ಷ್ ಭಾಗ ಹೀಗಿತ್ತು: ‘ನಾನು ಈಗ ಕಚೇರಿಯಲ್ಲಿಲ್ಲ. ಅನುವಾದಿಸಬೇಕಾದ ಕೆಲಸವಿದ್ದರೆ ಕಳುಹಿಸಿ.’ ಅನುವಾದಕರ ಸ್ವಯಂಚಾಲಿತ ಇಮೇಲ್ ಉತ್ತರವನ್ನೇ ಅನುವಾದ ಅಂದುಕೊಂಡು ಬರೆಸಿಬಿಟ್ಟಿದ್ದರು. ಸಭೆಗಳ ಏಕಕಾಲಿಕ ಅನುವಾದ ಬೇರೆ ದಿಕ್ಕಿನದು: ವೆಲ್ಷ್ ಮಾತು ಹೆಡ್‌ಫೋನ್‌ನಲ್ಲಿ ಇಂಗ್ಲಿಷ್ ಆಗಿ ಕೇಳಿಸಬೇಕು. ವೆಲ್ಷ್ ಬರೆಯುವುದಕ್ಕಿಂತ ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಗಟ್ಟಿಯಿರುವವರು ಈ ಕಡೆಗೂ ಒಂದು ಕಣ್ಣಿಟ್ಟಿರಬಹುದು.

ಶಾಲೆಗೆ ಹೋಗುವುದಾದರೆ ಡಿಬಿಎಸ್ ಎಂಬ ಅಪರಾಧ ದಾಖಲೆ ತಪಾಸಣೆ ಬೇಕು. ಅದರಲ್ಲಿ ಭಾರತದ ದಾಖಲೆ ಕಾಣುವುದಿಲ್ಲ, ಆದ್ದರಿಂದ ಊರಿನಿಂದ ಇತ್ತೀಚೆಗೆ ಬಂದವರಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಕೇಳಬಹುದು. ಊರು ಬಿಡುವ ಮೊದಲು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮಾಡಿಸಿಕೊಂಡು ಬಂದರೆ ವಾರಗಟ್ಟಲೆ ಕಾಯುವುದು ತಪ್ಪುತ್ತದೆ.

ವೀಸಾದ ಗಂಟುಗಳು

ವಿದ್ಯಾರ್ಥಿ ವೀಸಾದಲ್ಲಿ ಪದವಿ ಓದುವವರಿಗೆ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೆಲಸದ ಮಿತಿ. ವಾರ ಅಂದರೆ ಸೋಮವಾರದಿಂದ ಭಾನುವಾರ. ಕೋರ್ಸಿನ ಅವಿಭಾಜ್ಯ ಅಂಗವಾಗಿದ್ದು ಅಂಕ ಇರುವ ಪ್ಲೇಸ್‌ಮೆಂಟ್ ಈ 20ರಲ್ಲಿ ಸೇರುವುದಿಲ್ಲ, ಆದರೆ ಅದು ಇಡೀ ಕೋರ್ಸಿನ ಅರ್ಧವನ್ನು ಮೀರಬಾರದು. ಅಂಕವಿಲ್ಲದೆ ನೀವೇ ಹುಡುಕಿಕೊಂಡ ಬಿಟ್ಟಿ ಕೆಲಸ, ಸಂಬಳವಿಲ್ಲದಿದ್ದರೂ, 20ರೊಳಗೆ ಬರಬಹುದು. ‘ಬರೀ ಅನುಭವಕ್ಕೆ’ ಎಂಬ ಸಮಜಾಯಿಷಿ ನಡೆಯದು.

ಇನ್ನೂ ಹೆಚ್ಚು ಜನ ಸಿಕ್ಕಿಬೀಳುವುದು ಸ್ವಂತ ಉದ್ಯೋಗದ ನಿಷೇಧದಲ್ಲಿ. ವೆಲ್ಷ್ ಅನುವಾದದ ಬಹಳಷ್ಟು ಕೆಲಸ ಪದಕ್ಕಿಷ್ಟು ಎಂದು ಇನ್‌ವಾಯ್ಸ್ ಮೇಲೆ ನಡೆಯುತ್ತದೆ. ಪ್ಲೇಸ್‌ಮೆಂಟ್ ಮುಗಿದ ಮೇಲೆ ‘ಒಂದು ಸಣ್ಣ ಕರಪತ್ರ ಮಾಡಿಕೊಡಿ, ಬಿಲ್ ಕಳಿಸಿ’ ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಒಪ್ಪಿಕೊಳ್ಳುವ ಹಾಗಿಲ್ಲ. ಪದವಿಯ ನಂತರದ ಗ್ರ್ಯಾಜುಯೇಟ್ ವೀಸಾದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಒಂದು ವರ್ಷದ ಪ್ಲೇಸ್‌ಮೆಂಟ್ ಇರುವ 4 ವರ್ಷದ ಕೋರ್ಸ್ ಬೇಕಿದ್ದರೆ ಅರ್ಜಿಯಲ್ಲೇ ಅದನ್ನು ಆರಿಸಿ. ಬಂದ ಮೇಲೆ ಸೇರಿಸಿಕೊಂಡರೆ ವೀಸಾದ ಅವಧಿ ಸಾಲದೆ ಮತ್ತೆ ಅರ್ಜಿ, ಮತ್ತೆ ಶುಲ್ಕ.

ಇಲ್ಲಿ ಬೆಳೆದ ಮಕ್ಕಳ ಮನೆಯವರು ಶುಲ್ಕದ ವರ್ಗವನ್ನು ನೋಡಿಕೊಳ್ಳಬೇಕು. ಶಾಶ್ವತ ವಾಸದ ಹಕ್ಕು ಅಥವಾ ಪೌರತ್ವ ಇದ್ದು, ಕೋರ್ಸ್ ಶುರುವಾಗುವ ಮೊದಲು 3 ವರ್ಷ ಇಲ್ಲೇ ನೆಲೆಸಿದ್ದರೆ ಸ್ಥಳೀಯ ಶುಲ್ಕ. ಅಪ್ಪ ಅಮ್ಮ ಇನ್ನೂ ಕೆಲಸದ ವೀಸಾದಲ್ಲಿದ್ದರೆ ಮಗು ಇಲ್ಲೇ ವೆಲ್ಷ್ ಓದಿದ್ದರೂ ಹೊರದೇಶದವರ ಶುಲ್ಕ ಬೀಳಬಹುದು. ಪೌರತ್ವದ ಭಾಷಾ ಷರತ್ತಿಗೆ ಇಂಗ್ಲಿಷ್ ಬದಲು ವೆಲ್ಷ್ ಕೂಡ ಸಲ್ಲುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ವಿದ್ಯಾರ್ಥಿ ವೀಸಾಕ್ಕೆ ಮಾತ್ರ ಇಂಗ್ಲಿಷ್ ಬಿ2 ತೋರಿಸಲೇಬೇಕು.

ಸೇರಿದ ಮೇಲೆ ಕೇಳಿ ಪಡೆಯಬೇಕಾದವು ಎರಡು. ವೇಲ್ಸ್‌ನಲ್ಲಿ ಯಾವ ವಿಷಯ ಓದುತ್ತಿದ್ದರೂ ಲಿಖಿತ ಕೆಲಸವನ್ನು ವೆಲ್ಷ್‌ನಲ್ಲಿ ಒಪ್ಪಿಸುವ ಹಕ್ಕು ವಿದ್ಯಾರ್ಥಿಗೆ ಇದೆ. ಜೊತೆಗೆ ‘ಕೋಲೆಗ್ ಕಮ್ರಾಯ್ಗ್ ಕೆನೆದ್‌ಲೈಥೋಲ್’ ಎಂಬ ಸಂಸ್ಥೆ ನಡೆಸುವ ಭಾಷಾ ಕೌಶಲ ಪ್ರಮಾಣಪತ್ರ. ನೌಕರಿಯ ಜಾಹೀರಾತಿನಲ್ಲಿ ‘ಹನ್‌ವೋದೋಲ್’ ಎಂದಿದ್ದರೆ ವೆಲ್ಷ್ ಬೇಕೇ ಬೇಕು, ‘ದಮಿನೋಲ್’ ಎಂದಿದ್ದರೆ ಬಂದರೆ ಒಳ್ಳೆಯದು. ಮೊದಲನೆಯದಕ್ಕೆ ಅರ್ಜಿ ಹಾಕುವಾಗ ಪದವಿಯ ಹೆಸರಿನ ಜೊತೆ ಈ ಪ್ರಮಾಣಪತ್ರವನ್ನೂ, ಪ್ಲೇಸ್‌ಮೆಂಟ್‌ನಲ್ಲಿ ಯಾವ ಮಟ್ಟದ ಬರವಣಿಗೆ ಮಾಡಿದ್ದೀರಿ ಎಂಬುದನ್ನೂ ಬರೆಯಿರಿ, ಫಾರಂ ಅನ್ನು ವೆಲ್ಷ್‌ನಲ್ಲೇ ತುಂಬಿ.