‘ಬೋಲ್ಡ್’ ಅಂದ್ರೆ ಏನು ಅಂತ ಮೊದಲೇ ಬರೆದುಬಿಡಿ

ಫೋಟೊ ಶೂಟ್‌ಗೆ ಮೊದಲು ಮಾಡೆಲ್‌ಗೆ ‘ಸ್ವಲ್ಪ ಬೋಲ್ಡ್ ಆಗಿ ಮಾಡೋಣ’ ಅಂತ ಮಾತ್ರ ಮೆಸೇಜ್ ಕಳಿಸಬೇಡಿ. ನನ್ನ ತಲೆಯಲ್ಲಿ ಬೋಲ್ಡ್ ಅಂದ್ರೆ ಕೆಂಪು ಲಿಪ್‌ಸ್ಟಿಕ್ಕು, ಗಾಢವಾದ ನೆರಳು. ಮಾಡೆಲ್‌ಗೆ ಅದು ಬಟ್ಟೆ ಕಡಿಮೆ ಮಾಡುವ ಮಾತಾಗಿ ಕೇಳಿಸಬಹುದು. ಇಬ್ಬರೂ ‘ಓಕೆ’ ಅಂದಿರುತ್ತಾರೆ, ಒಪ್ಪಿಕೊಂಡಿದ್ದು ಮಾತ್ರ ಬೇರೆ ಬೇರೆ.

ನಾನು ಪೋರ್ಟ್ರೇಟ್ ತೆಗೆಯುವವನು. ಹೀಗೆ ಬರೆಯುತ್ತೇನೆ: ‘ಮೂರು ಡ್ರೆಸ್. ಒಂದಕ್ಕೆ ತೋಳಿಲ್ಲ, ಬೆನ್ನು ಅರ್ಧ ಕಾಣುತ್ತದೆ. ಕೊನೆಯ ಸೆಟ್‌ನಲ್ಲಿ ಕೂದಲು, ಭುಜ ಒದ್ದೆಯಾಗುತ್ತದೆ. ನಾನು, ಮೇಕಪ್‌ನವರು, ಲೈಟ್ ಹಿಡಿಯುವ ಹುಡುಗ ಇರುತ್ತೇವೆ. ನಿಮ್ಮ ಜೊತೆ ಯಾರನ್ನಾದರೂ ಕರೆದುಕೊಂಡು ಬನ್ನಿ.’ ಹೀಗಿರಲಿ ಅಂತ ರೆಫರೆನ್ಸ್ ಫೋಟೊ ಕಳಿಸಿದರೆ ಅದರ ಕೆಳಗೆ ನಿಮಗೆ ಬೇಕಾದ್ದು ಬೆಳಕಾ, ಪೋಸಾ, ಬಟ್ಟೆಯಾ ಅಂತಲೂ ಬರೆಯಿರಿ. ನೀವು ಕಿಟಕಿ ಬೆಳಕು ಚೆನ್ನಾಗಿದೆ ಅಂತ ಕಳಿಸಿರುತ್ತೀರಿ, ಅವರು ಅದರಲ್ಲಿರುವ ಬಟ್ಟೆ ನೋಡಿ ಗಾಬರಿಯಾಗಿರುತ್ತಾರೆ.

ಮಾಡೆಲ್ ನೀವಾದರೆ, ಬೇಡದ್ದನ್ನು ಬೇಡ ಅನ್ನಿ, ಕಾರಣ ಕೊಡಬೇಕಿಲ್ಲ. ‘ಜೊತೆಗೆ ಯಾರೂ ಬೇಡ, ಮೂಡ್ ಹಾಳಾಗುತ್ತೆ’ ಅನ್ನುವವರ ಶೂಟ್‌ಗೆ ಹೋಗದಿದ್ದರೆ ನಷ್ಟವೇನಿಲ್ಲ. ಎಲ್‌ವಿಎಂಎಚ್, ಕೆರಿಂಗ್‌ನಂಥ ದೊಡ್ಡ ಫ್ಯಾಷನ್ ಕಂಪನಿಗಳೇ 2017ರಲ್ಲಿ ನಿಯಮ ಮಾಡಿಕೊಂಡಿವೆ. ನಗ್ನ, ಅರೆನಗ್ನ ಶೂಟ್‌ಗೆ ಮಾಡೆಲ್‌ನ ಲಿಖಿತ ಒಪ್ಪಿಗೆ ಮೊದಲೇ ಬೇಕು, ಫೋಟೊಗ್ರಾಫರ್ ಜೊತೆ ಅವರೊಬ್ಬರನ್ನೇ ಬಿಡುವಂತಿಲ್ಲ.

ಇನ್ನು ಮುಟ್ಟುವ ವಿಷಯ. ಕೂದಲೆಳೆಯೊಂದು ಕಣ್ಣ ಮೇಲೆ ಬಿದ್ದಿದೆ ಅನ್ನಿ. ಕೈ ತಾನಾಗೇ ಮುಂದೆ ಹೋಗುತ್ತದೆ. ಬೇಡ. ನಾನು ನನ್ನದೇ ಹಣೆ ಮೇಲೆ ಬೆರಳಿಟ್ಟು ‘ಇಲ್ಲಿರೋದನ್ನ ಕಿವಿ ಹಿಂದೆ ಸರಿಸಿ’ ಅನ್ನುತ್ತೇನೆ. ಪೋಸ್ ಕೂಡ ಎದುರು ನಿಂತು ಕನ್ನಡಿಯಲ್ಲಿ ಕಾಣುವ ಹಾಗೆ ಮಾಡಿ ತೋರಿಸುತ್ತೇನೆ. ‘ಗದ್ದ ಒಂದು ಬೆರಳಷ್ಟು ಕೆಳಗೆ, ಮೂಗು ಕಿಟಕಿ ಕಡೆ’ ಅಂದರೆ ಸಾಕು, ಎಡ ಬಲದ ಗೊಂದಲವೇ ಇರುವುದಿಲ್ಲ. ಕಾಲರ್, ಮಡಿಕೆ ಸರಿ ಮಾಡುವ ಸ್ಟೈಲಿಸ್ಟ್ ಕೂಡ ‘ಮುಟ್ಟಲಾ?’ ಅಂತ ಕೇಳಿಯೇ ಕೈ ಹಾಕಬೇಕು. ಇದಕ್ಕೆಲ್ಲ ಟೈಮ್ ಎಲ್ಲಿದೆ ಅನ್ನುವವರಿದ್ದಾರೆ. ಬಲ್ಬ್ ಬದಲಿಸೋಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು ಸ್ವಾಮಿ!

ಹೊಗಳುವಾಗಲೂ ‘ಕೈ ಇಟ್ಟಿರೋ ರೀತಿ ಚೆನ್ನಾಗಿದೆ, ಹಾಗೇ ಇರಿ’ ಅನ್ನಿ. ಮೈ ಬಗ್ಗೆ ಮಾತು ಬೇಡ.

ಶೂಟ್ ನಡುವೆ ಹೊಸ ಐಡಿಯಾ ಹೊಳೆಯುತ್ತೆ, ಎಲ್ಲರಿಗೂ. ಅದರಲ್ಲಿ ಬಟ್ಟೆ ಕಡಿಮೆಯಾಗುವುದಿದ್ದರೆ ಆವತ್ತು ಕೇಳಲೇಬೇಡಿ. ಲೈಟು ಉರೀತಿದೆ, ಎಲ್ಲರೂ ಕಾಯ್ತಿದ್ದಾರೆ, ಆಗ ಇಲ್ಲ ಅನ್ನೋದು ಕಷ್ಟ ಅಲ್ವಾ? ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಹಾಗೆಯೇ, ಒಪ್ಪಿದ್ದು ಬೇಡ ಅನ್ನಿಸಿ ಮಾಡೆಲ್ ‘ನಿಲ್ಲಿಸಿ’ ಅಂದರೆ ಕ್ಯಾಮೆರಾ ಕೆಳಗಿಡಿ. ಬಟ್ಟೆ ಜಾರಿದಾಗ ಕ್ಲಿಕ್ ಆದ ಫ್ರೇಮ್ ಇದ್ದರೆ ಅವರೆದುರೇ ಅಳಿಸಿ.

ಮಾಡೆಲ್ ರಿಲೀಸ್ ಅನ್ನುವ ಕಾಗದ, ತೆಗೆದ ಫೋಟೊ ಎಲ್ಲೆಲ್ಲಿ ಬಳಸಬಹುದು ಅನ್ನೋದಕ್ಕೆ. ಸೆಟ್‌ನಲ್ಲಿ ಏನು ಬೇಕಾದರೂ ಮಾಡಿಸೋಕೆ ಪರವಾನಗಿ ಅಲ್ಲ. ಹಿಂದಿನ ದಿನವೇ ಕಳಿಸಿ, ಮೇಕಪ್ ಕುರ್ಚಿಯಲ್ಲಿ ಕೂರಿಸಿ ಸಹಿ ಹಾಕಿಸಬೇಡಿ. ಪೋರ್ಟ್‌ಫೋಲಿಯೊ, ಜಾಹೀರಾತು, ಯಾರಿಗೆ ಬೇಕಾದರೂ ಫೋಟೊ ಮಾರುವ ಸ್ಟಾಕ್ ಸೈಟ್ ಬೇರೆ ಬೇರೆ ಸಾಲಿನಲ್ಲಿರಲಿ. ಎಐ ಬಳಕೆಗೂ ಒಂದು ಸಾಲು ಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 2025ರ ಜೂನ್‌ನಿಂದ ಮಾಡೆಲ್‌ನ ಡಿಜಿಟಲ್ ಪ್ರತಿರೂಪಕ್ಕೆ, ಅಂದರೆ ಕಂಪ್ಯೂಟರ್‌ನಲ್ಲಿ ಅವರ ಹಾಗೇ ಮಾಡಿದ ಚಿತ್ರಕ್ಕೆ, ಪ್ರತ್ಯೇಕ ಲಿಖಿತ ಒಪ್ಪಿಗೆಯನ್ನು ಕಾನೂನೇ ಕೇಳುತ್ತದೆ. 18 ತುಂಬದವರಾದರೆ ಅಪ್ಪನೋ ಅಮ್ಮನೋ ಸಹಿ ಹಾಕಬೇಕು, ಸೆಟ್‌ನಲ್ಲೂ ಇರಬೇಕು.

ದುಡ್ಡಿಲ್ಲದೆ ಫೋಟೊಗಾಗಿ ಮಾಡುವ ಟಿಎಫ್‌ಪಿ ಶೂಟ್‌ನಲ್ಲಿ ಜಗಳ ಬರೋದು ಆಮೇಲೆ. ಎಡಿಟ್ ಆದ ಫೋಟೊ ಎಷ್ಟು, ಯಾವ ತಾರೀಖಿಗೆ, ಆರಿಸೋರು ಯಾರು ಅಂತ ಬರೆದಿಡಿ. ರಾ ಫೈಲ್ (ಕ್ಯಾಮೆರಾದಿಂದ ಬಂದ, ಎಡಿಟ್ ಮಾಡದ ಫೈಲ್) ಕೊಡಲ್ಲ ಅಂತಿದ್ದರೆ ಅದನ್ನೂ. ಮಾಡೆಲ್‌ಗಳಿಗೂ ಒಂದು ಮಾತು: ಕೊಟ್ಟ ಫೋಟೊ ಮೇಲೆ ಮತ್ತೆ ಫಿಲ್ಟರ್ ಹಾಕಬೇಡಿ. ಸಂಜೆಯೆಲ್ಲಾ ಕೂತು ಸರಿ ಮಾಡಿದ ಚರ್ಮದ ಬಣ್ಣ ಕಿತ್ತಳೆ ಆಗಿಬಿಡುತ್ತೆ, ಕೆಳಗೆ ನನ್ನ ಹೆಸರು ಬೇರೆ ಇರುತ್ತೆ.