ಆಟಿಸಂ ಮಗುವಿನ ಸುಧಾರಣೆ: ಲೆಕ್ಕ ಇಡುವುದು ಹೇಗೆ?

ಥೆರಪಿ ಶುರುವಾಗಿ ಮೂರು ತಿಂಗಳಾದ ಮೇಲೆ ಮಗು ಹೇಗಿದೆ ಎಂದು ಕೇಳಿದರೆ ಅಜ್ಜಿ ‘ಪರವಾಗಿಲ್ಲ’ ಎನ್ನುತ್ತಾರೆ, ಅಪ್ಪ ‘ಹಾಗೇ ಇದ್ದಾನೆ’ ಎನ್ನುತ್ತಾರೆ. ಇಂಥ ಮಾತು ನಂಬಿಕೊಂಡು ಚಿಕಿತ್ಸೆ ಮುಂದುವರಿಸುವುದೂ ಕಷ್ಟ, ಬಿಡುವುದೂ ಕಷ್ಟ.

ಮೊದಲ ಅಳತೆ ಥೆರಪಿಗೆ ಮುನ್ನವೇ ಆಗಬೇಕು. ಹಾಸನದವರು ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಕ್ಕಳ ತಜ್ಞರನ್ನೋ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯನ್ನೋ ವಿಚಾರಿಸಬಹುದು. ಆಟಿಸಂ ಎಷ್ಟು ತೀವ್ರ ಎಂದು ಅಳೆಯಲು ನಮ್ಮ ದೇಶದಲ್ಲೇ ರೂಪಿಸಿದ ‘ಐಎಸ್‌ಎಎ’ ಮಾಪಕದಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ರಿಂದ 106 ಬಂದರೆ ಸೌಮ್ಯ, 153 ದಾಟಿದರೆ ತೀವ್ರ. ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಇದೇ ಆಧಾರ. ಪೋಷಕರೇ ತುಂಬುವ ‘ಎಟಿಇಸಿ’ ಪಟ್ಟಿಯಲ್ಲಿ 77 ಪ್ರಶ್ನೆಗಳಿವೆ. ಅದು ರೋಗ ಪತ್ತೆಗಲ್ಲ, ಬದಲಾವಣೆ ಗುರುತಿಸುವುದಕ್ಕೆ. ಎರಡರಲ್ಲೂ ಅಂಕ ಇಳಿದರೆ ಒಳ್ಳೆಯದು. ಪರೀಕ್ಷೆಯ ಅಂಕಕ್ಕೆ ಒಗ್ಗಿದ ನಮಗೆ ಇದು ತುಸು ವಿಚಿತ್ರ!

ಸಣ್ಣ ಬದಲಾವಣೆ ಮನೆಯಲ್ಲೇ ಸಿಗುತ್ತದೆ. ಒಂದೆರಡು ವರ್ತನೆ ಆರಿಸಿಕೊಳ್ಳಿ, ಸಾಕು. ಹೆಸರು ಕರೆದರೆ ತಿರುಗುತ್ತಾನೆಯೇ ಎಂಬುದನ್ನೇ ನೋಡಿ. ಟಿವಿ ಆರಿಸಿ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಇಲ್ಲದೆ, ಬೆನ್ನ ಹಿಂದಿನಿಂದ ಒಂದೇ ದನಿಯಲ್ಲಿ ಕರೆಯಿರಿ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಹತ್ತು ಸಲ. ‘ಚೆನ್ನಾಗಿ ಸ್ಪಂದಿಸಿದ’ ಎಂದು ಬರೆಯಬೇಡಿ, ‘ಹತ್ತರಲ್ಲಿ ಮೂರು’ ಎಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಹಟ ಹಿಡಿದು ಅಳುವುದಾದರೆ ಗಡಿಯಾರ ನೋಡಿ ಎಷ್ಟು ನಿಮಿಷ, ಅದಕ್ಕೆ ಮುಂಚೆ ಏನಾಯಿತು ಎಂಬುದಿಷ್ಟೇ ಇರಲಿ.

ಪಟ್ಟಿ ತುಂಬುವವರು ಪ್ರತಿ ಸಲವೂ ಒಬ್ಬರೇ ಆಗಿರಬೇಕು. ಇಡೀ ದಿನ ಜೊತೆಗಿರುವ ಅಮ್ಮ ಕೊಡುವ ಅಂಕ, ತೋಟದಿಂದ ಭಾನುವಾರ ಮಾತ್ರ ಬರುವ ಅಪ್ಪ ಕೊಡುವ ಅಂಕ ಒಂದೇ ಆಗುವುದಿಲ್ಲ. ಇನ್ನೊಂದು ತೊಡಕು ನಮ್ಮ ಆಸೆಯೇ: ದುಡ್ಡು ಸುರಿದು ಹೊಸ ಥೆರಪಿ ಹಿಡಿಸಿದ ಮೇಲೆ ಕಣ್ಣಿಗೆ ಸುಧಾರಣೆಯೇ ಕಾಣುತ್ತದೆ. ಹಾಗಾಗಿ ಥೆರಪಿ ಬದಲಾದದ್ದು ತಿಳಿಯದ ಅಂಗನವಾಡಿ ಶಿಕ್ಷಕಿಯಿಂದಲೂ ಅದೇ ಲೆಕ್ಕ ಬರೆಸಿ. ಅವರ ಲೆಕ್ಕಕ್ಕೇ ನಾನು ಹೆಚ್ಚು ಬೆಲೆ ಕೊಡುವುದು.

ಒಂದೇ ವಾರದಲ್ಲಿ ಆಹಾರ, ಔಷಧಿ, ಥೆರಪಿ ಮೂರನ್ನೂ ಬದಲಿಸಿದರೆ ಫಲ ಯಾವುದರದೆಂದು ಯಾರಿಗೂ ಗೊತ್ತಾಗದು. ವಯಸ್ಸಿನೊಂದಿಗೆ ಬರುವ ಕಲಿಕೆಯೂ ಅದರಲ್ಲಿ ಬೆರೆತಿರುತ್ತದೆ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ಮನೆ ತುಂಬಾ ನೆಂಟರು, ಬೀದಿ ತುಂಬಾ ಗದ್ದಲ. ಆಗಿನ ಅಂಕಿಗಳ ಪಕ್ಕದಲ್ಲಿ ಕಾರಣ ಬರೆದಿಡಿ. ಮಳೆಗೆ ಶಾಲೆ ರಜೆಯಾದ ವಾರಕ್ಕೂ ಅಷ್ಟೇ.

ಮೂರು ತಿಂಗಳಿಗೊಮ್ಮೆ ಹಾಳೆಯನ್ನು ಥೆರಪಿಸ್ಟ್ ಮುಂದಿಡಿ. ಆಡುತ್ತಿದ್ದ ಮಾತು ನಿಂತುಹೋದರೆ, ಫಿಟ್ಸ್ ಕಾಣಿಸಿಕೊಂಡರೆ ಮಾತ್ರ ಅಲ್ಲಿಯವರೆಗೆ ಕಾಯದೆ ತಕ್ಷಣ ವೈದ್ಯರ ಬಳಿಗೆ ಕರೆದೊಯ್ಯಿರಿ.