ಎಚ್‌ಐವಿ ಜೊತೆ ಟಿಬಿಯೂ ಬಂದರೆ: ಯಾವ ಮಾತ್ರೆ ಮೊದಲು, ಯಾವುದು ಯಾವಾಗ

"ದೊಡ್ಡ ರೋಗಕ್ಕ ಮೊದಲ ಗುಳಿಗಿ ಕೊಡ್ರಿ ಅಕ್ಕಾರ, ಕೆಮ್ಮಿಂದು ಆಮ್ಯಾಲ ನೋಡೂಣು." ಎಚ್‌ಐವಿ ಮತ್ತು ಟಿಬಿ, ಎರಡೂ ರಿಪೋರ್ಟ್ ಒಂದೇ ವಾರದಲ್ಲಿ ಕೈಗೆ ಬಂದವರು ಹೆಚ್ಚಾಗಿ ಹೀಗೇ ಕೇಳುತ್ತಾರೆ. ನಾನು ಬಾಗಲಕೋಟೆ ಕಡೆಯ ಒಂದು ಎಆರ್‌ಟಿ ಸೆಂಟರಿನಲ್ಲಿ, ಅಂದರೆ ಎಚ್‌ಐವಿ ಮಾತ್ರೆ ಕೊಡುವ ಕೇಂದ್ರದಲ್ಲಿ, ಕೌನ್ಸೆಲರ್. ನನ್ನ ಉತ್ತರ ಯಾವಾಗಲೂ ಇದರ ಉಲ್ಟಾ. ಮೊದಲು ಟಿಬಿ ಮಾತ್ರೆ. ಆಮೇಲೆ, ಆದರೆ ತಡ ಮಾಡದೆ, ಎಚ್‌ಐವಿ ಮಾತ್ರೆ. ಎಚ್‌ಐವಿ ಇರುವವರ ಜೀವ ತೆಗೆಯುವುದರಲ್ಲಿ ಜಗತ್ತಿನಲ್ಲೆಲ್ಲ ಟಿಬಿಯೇ ಮುಂದಿದೆ. ಆ ಕೆಮ್ಮು ಸಣ್ಣದಲ್ಲ.

ಎರಡೂ ಕಾಯಿಲೆ ಇದ್ದವರು, ಅವರನ್ನು ನೋಡಿಕೊಳ್ಳುವ ಮನೆಯವರು ಏನೇನು ಮಾಡಬೇಕು, ಯಾಕೆ ಮಾಡಬೇಕು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. "ಯಾಕೆ" ಗೊತ್ತಾದವರು ಮಾತ್ರೆ ಬಿಡುವುದು ಕಡಿಮೆ. ದಿನಾ ನೋಡುತ್ತೇನೆ.

ಮೊದಲ ದಿನ ಕೇಳಬೇಕಾದ್ದು

ಎಚ್‌ಐವಿ ಇದೆ ಅಂತ ಗೊತ್ತಾದ ಯಾರಿಗೇ ಆಗಲಿ, ಪ್ರತಿ ಭೇಟಿಯಲ್ಲೂ ನಾಲ್ಕು ಪ್ರಶ್ನೆ ಕೇಳುತ್ತೇವೆ: ಕೆಮ್ಮು ಇದೆಯಾ, ಜ್ವರ ಬರುತ್ತಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತೀರಾ. ನಾಲ್ಕರಲ್ಲಿ ಒಂದಕ್ಕೆ ಹೌದು ಅಂದರೂ ಟಿಬಿ ಪರೀಕ್ಷೆ ಆಗಲೇಬೇಕು. ಎರಡು ದಿನದ ಕೆಮ್ಮು ಅಂತ ಮುಚ್ಚಿಡಬೇಡಿ. ಕಫ ಕೊಡುವಾಗ ಉಗುಳು ಕೊಟ್ಟರೆ ಉಪಯೋಗವಿಲ್ಲ. ಬೆಳಿಗ್ಗೆ ಎದ್ದು, ಬಾಯಿ ಮುಕ್ಕಳಿಸಿ, ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಕೊಡಿ. ಜನರ ನಡುವೆ ಬೇಡ, ಬಯಲಲ್ಲಿ ನಿಂತು ಕೆಮ್ಮಿ.

ಸಿಬಿನಾಟ್ ಮಾಡಿಸಿದ್ದೀರಾ ಅಂತ ನೀವೇ ಕೇಳಿ. ಈ ಪರೀಕ್ಷೆ ಟಿಬಿ ಇದೆಯೇ ಅನ್ನುವುದರ ಜೊತೆಗೆ ರಿಫಾಂಪಿಸಿನ್ ಅನ್ನುವ ಮುಖ್ಯ ಔಷಧಿ ಆ ಟಿಬಿಗೆ ನಾಟುತ್ತದೆಯೇ ಅನ್ನುವುದನ್ನೂ ಕೆಲವೇ ಗಂಟೆಯಲ್ಲಿ ಹೇಳುತ್ತದೆ. ಸಿಡಿ4, ಅಂದರೆ ರೋಗದ ವಿರುದ್ಧ ಕಾದಾಡುವ ರಕ್ತಕಣಗಳ ಎಣಿಕೆ, ತುಂಬಾ ಕಡಿಮೆ ಇದ್ದವರಿಗೆ ಕಫವೇ ಬರದಿರಬಹುದು. ಅಂಥವರಿಗೆ ಮೂತ್ರದಲ್ಲಿ ನೋಡುವ ಲ್ಯಾಮ್ ಪರೀಕ್ಷೆ ಇದೆ. ಸಿಡಿ4 200ಕ್ಕಿಂತ ಕೆಳಗಿದ್ದರೆ ಲ್ಯಾಮ್ ಬಗ್ಗೆಯೂ, ಮಿದುಳಿಗೆ ಇಳಿಯುವ ಕ್ರಿಪ್ಟೊಕಾಕಸ್ ಶಿಲೀಂಧ್ರದ ರಕ್ತ ಪರೀಕ್ಷೆಯ ಬಗ್ಗೆಯೂ ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. ತಲೆನೋವು ಬಿಡದೆ ಇದೆಯಾ, ವಾಂತಿ, ಕುತ್ತಿಗೆ ಬಿಗಿತ, ಮಾತಿನಲ್ಲಿ ಗೊಂದಲ ಇದೆಯಾ? ಇದ್ದರೆ ಅದನ್ನೇ ಎಲ್ಲಕ್ಕಿಂತ ಮೊದಲು ಹೇಳಿ. ಎಚ್‌ಐವಿ ಮಾತ್ರೆ ಯಾವಾಗ ಶುರು ಮಾಡಬೇಕು ಅನ್ನುವ ಲೆಕ್ಕವೇ ಆಗ ಬದಲಾಗುತ್ತದೆ.

ಎರಡು ವಾರ ಅನ್ನುವ ಲೆಕ್ಕ ಎಲ್ಲಿಂದ ಬಂತು

ಹಿಂದೆ ಡಾಕ್ಟರುಗಳಿಗೇ ಈ ಬಗ್ಗೆ ಒಮ್ಮತ ಇರಲಿಲ್ಲ. ಎರಡೂ ಕಾಯಿಲೆಯ ಔಷಧಿ ಒಟ್ಟಿಗೆ ಕೊಟ್ಟರೆ ಮೈ ತಾಳಲ್ಲ, ಟಿಬಿಯ ಆರು ತಿಂಗಳು ಮುಗಿಯಲಿ, ಆಮೇಲೆ ಎಚ್‌ಐವಿ ನೋಡೋಣ ಅನ್ನುವವರು ಬಹಳ ಜನ ಇದ್ದರು. ಅದಕ್ಕೆ ಉತ್ತರ ಸಿಕ್ಕಿದ್ದು ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ. ಅಲ್ಲಿ 642 ಜನರ ಮೇಲೆ ನಡೆದ ಸಾಪಿಟ್ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಟಿಬಿ ಚಿಕಿತ್ಸೆ ಮುಗಿಯುವ ತನಕ ಕಾದವರಿಗೆ ಹೋಲಿಸಿದರೆ, ಟಿಬಿ ಚಿಕಿತ್ಸೆಯ ನಡುವೆಯೇ ಎಚ್‌ಐವಿ ಮಾತ್ರೆ ಶುರು ಮಾಡಿದವರಲ್ಲಿ ಸಾವು ಶೇ. 56ರಷ್ಟು ಕಡಿಮೆ ಇತ್ತು.

ನಡುವೆ ಅಂದರೆ ಯಾವಾಗ? ಅದನ್ನು ಕಾಂಬೋಡಿಯದ 661 ಜನ ತೋರಿಸಿಕೊಟ್ಟರು. ಕಮೀಲಿಯಾ ಅನ್ನುವ ಆ ಅಧ್ಯಯನಕ್ಕೆ ಸೇರಿದವರ ಸಿಡಿ4 ನಡುಮಟ್ಟ ಬರೀ 25. ಅರ್ಧ ಜನರಿಗೆ ಟಿಬಿ ಮಾತ್ರೆ ಶುರುವಾಗಿ ಎರಡು ವಾರಕ್ಕೆ, ಉಳಿದವರಿಗೆ ಎಂಟು ವಾರಕ್ಕೆ ಎಚ್‌ಐವಿ ಮಾತ್ರೆ ಕೊಟ್ಟರು. ಎರಡು ವಾರದ ಗುಂಪಿನಲ್ಲಿ ಸಾವಿನ ಅಪಾಯ ಶೇ. 34ರಷ್ಟು ಕಡಿಮೆಯಾಯಿತು. 2011ರಲ್ಲಿ ಇದು ಪ್ರಕಟವಾಯಿತು. ನಿಮ್ಮ ಚಿಕಿತ್ಸೆಯ ವಿವರ ಬರೆದಿಡುವ ಗ್ರೀನ್ ಬುಕ್ಕಿನಲ್ಲಿ "ಹದಿನೈದು ದಿನ ಬಿಟ್ಟು ಬನ್ನಿ" ಅಂತ ಬರೆದಿದ್ದರೆ ಅದು ಸುಮ್ನೆ ಬರೆದಿದ್ದಲ್ಲ. ಆ ತಾರೀಖಿಗೆ ಬರಲೇಬೇಕು. ನಮಗೂ ನಿಮಗೂ ಮುಖ ಪರಿಚಯ ಇಲ್ಲದ ಅಷ್ಟು ಜನ ಆ ಪರೀಕ್ಷೆಗೆ ಒಪ್ಪಿದ್ದರಿಂದ, ಅವರಲ್ಲಿ ಅನೇಕರು ತೀರಿಕೊಂಡಿದ್ದರಿಂದ, ನಮಗೆ ಆ ಹದಿನೈದು ದಿನದ ಬೆಲೆ ಗೊತ್ತಾಯಿತು. ನನಗೆ ಅವರ ಮೇಲೆ ದೊಡ್ಡ ಋಣದ ಭಾವನೆ ಇದೆ.

ಈಗ ಆ ತಲೆನೋವಿನ ಮಾತು. ಟಿಬಿ ಮಿದುಳಿನ ಪೊರೆಗೆ ಇಳಿದಿದ್ದರೆ ಅವಸರ ಒಳ್ಳೆಯದಲ್ಲ. ವಿಯೆಟ್ನಾಂನಲ್ಲಿ 253 ಜನರ ಮೇಲೆ ನೋಡಿದಾಗ, ಕೂಡಲೇ ಎಚ್‌ಐವಿ ಮಾತ್ರೆ ಕೊಟ್ಟಿದ್ದರಿಂದ ಜೀವ ಉಳಿದಿದ್ದೇನೂ ಜಾಸ್ತಿಯಾಗಲಿಲ್ಲ, ತೀವ್ರ ತೊಂದರೆಗಳು ಮಾತ್ರ ಹೆಚ್ಚಾದವು. ಕ್ರಿಪ್ಟೊಕಾಕಸ್ ಮಿದುಳುಜ್ವರದಲ್ಲಿ ಇದು ಇನ್ನೂ ಸ್ಪಷ್ಟ. ಉಗಾಂಡ ಮತ್ತು ದಕ್ಷಿಣ ಆಫ್ರಿಕದ 177 ಜನರ ಅಧ್ಯಯನದಲ್ಲಿ, ಬೇಗ ಶುರು ಮಾಡಿದವರಲ್ಲಿ ಆರು ತಿಂಗಳೊಳಗೆ ಶೇ. 45 ಜನ ತೀರಿಕೊಂಡರು, ಐದು ವಾರ ಕಾದವರಲ್ಲಿ ಶೇ. 30. ಹೊಸಬರನ್ನು ಸೇರಿಸುವುದನ್ನೇ ಮಧ್ಯದಲ್ಲಿ ನಿಲ್ಲಿಸಿಬಿಟ್ಟರು. ಹಾಗಾಗಿ ಪಕ್ಕದ ಬೆಡ್ಡಿನವರಿಗೆ ಎರಡನೇ ವಾರಕ್ಕೆ ಮಾತ್ರೆ ಕೊಟ್ಟರು, ನಮಗೆ ಯಾಕೆ ಇನ್ನೂ ಕೊಟ್ಟಿಲ್ಲ ಅಂತ ಜಗಳಕ್ಕೆ ನಿಲ್ಲಬೇಡಿ. ಕಾರಣ ಕೇಳಿ. ಹೇಳುವುದು ನಮ್ಮ ಕೆಲಸ.

ದಿನದ ಮಾತ್ರೆ ಹೊಂದಿಸುವುದು

ಟಿಬಿ ಮಾತ್ರೆ ತೂಕದ ಮೇಲೆ. ದೊಡ್ಡವರಲ್ಲಿ 35ರಿಂದ 49 ಕೆಜಿ ಇದ್ದರೆ ದಿನಕ್ಕೆ 3 ಮಾತ್ರೆ, 50ರಿಂದ 64 ಇದ್ದರೆ 4. ಎಲ್ಲವನ್ನೂ ಒಟ್ಟಿಗೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ವಾಕರಿಕೆ ತಡೆಯಲಾಗದಿದ್ದರೆ ಸ್ವಲ್ಪ ಏನಾದರೂ ತಿಂದು ತೆಗೆದುಕೊಳ್ಳಬಹುದೇ ಅಂತ ಕೇಳಿ, ಬಿಡಬೇಡಿ. ಪ್ರತಿ ತಿಂಗಳು ತೂಕ ಹಾಕಿಸಿ. ಊಟ ಸೇರಿ ತೂಕ ಏರಿದರೆ ಮಾತ್ರೆಯ ಸಂಖ್ಯೆಯೂ ಏರಬೇಕಾಗಬಹುದು. ಎಷ್ಟೋ ಜನ ಇದನ್ನು ಮರೆಯುತ್ತಾರೆ.

ಎಚ್‌ಐವಿಗೆ ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಂದು ಸಲ. ಆದರೆ ಟಿಬಿ ಇದ್ದವರಿಗೆ ಇದರ ಜೊತೆ ಇನ್ನೊಂದು ಸಣ್ಣ ಡಬ್ಬಿ ಕೊಡುತ್ತೇವೆ: 50 ಮಿಲಿಗ್ರಾಂನ ಡೊಲುಟೆಗ್ರವಿರ್ ಒಂಟಿ ಮಾತ್ರೆ. ಮೊದಲನೆಯದಕ್ಕೂ ಇದಕ್ಕೂ 12 ಗಂಟೆ ಅಂತರ ಇರಬೇಕು. ಟಿಎಲ್‌ಡಿ ರಾತ್ರಿ 9ಕ್ಕಾದರೆ ಒಂಟಿ ಮಾತ್ರೆ ಬೆಳಿಗ್ಗೆ 9ಕ್ಕೆ. ಇದು ಯಾಕೆ ಅಂದರೆ, ಟಿಬಿಯ ರಿಫಾಂಪಿಸಿನ್ ನಮ್ಮ ಲಿವರನ್ನು ಚುರುಕು ಮಾಡಿಬಿಡುತ್ತದೆ. ಡೊಲುಟೆಗ್ರವಿರ್ ಕೆಲಸ ಮುಗಿಸುವ ಮೊದಲೇ ಲಿವರ್ ಅದನ್ನು ಹೊರಹಾಕುತ್ತದೆ. ಅದಕ್ಕೇ ಎರಡು ಸಲ ಕೊಡುವುದು.

ಇಲ್ಲಿ ಒಂದು ಎಚ್ಚರಿಕೆ. ಕೇಪ್‌ಟೌನ್‌ನಲ್ಲಿ 108 ಜನರ ಮೇಲೆ ನಡೆದ ರೇಡಿಯಂಟ್-ಟಿಬಿ ಅಧ್ಯಯನ 2023ರಲ್ಲಿ ಬಂತು. ಎರಡನೇ ಮಾತ್ರೆ ತಿಂದವರಲ್ಲೂ ತಿನ್ನದವರಲ್ಲೂ 24 ವಾರಕ್ಕೆ ವೈರಸ್ ಹತೋಟಿಗೆ ಬಂದ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಓದಿದ ಮಕ್ಕಳು ಇಂಥ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿ "ಅಪ್ಪಾ, ಆ ಇನ್ನೊಂದು ಮಾತ್ರೆ ಬೇಡವಂತೆ" ಅನ್ನುತ್ತಾರೆ. ನಿಲ್ಲಿಸಬೇಡಿ. ಎರಡು ಗುಂಪನ್ನು ಎದುರುಬದುರು ನಿಲ್ಲಿಸಿ ತೀರ್ಪು ಕೊಡುವಷ್ಟು ದೊಡ್ಡ ಅಧ್ಯಯನ ಅದಲ್ಲ. ಯಾವುದೇ ಸಂಶೋಧನೆಯ ಸುದ್ದಿ ಬಂದಾಗ ಮೂರು ವಿಷಯ ನೋಡಿ: ಎಷ್ಟು ಜನರ ಮೇಲೆ ಮಾಡಿದ್ದು, ಎಷ್ಟು ಕಾಲ ನೋಡಿದ್ದು, ಅಳೆದದ್ದು ಏನನ್ನು, ಜೀವ ಉಳಿದಿದ್ದನ್ನೋ ಬರೀ ರಕ್ತದ ರಿಪೋರ್ಟನ್ನೋ. ಆಮೇಲೆ ಆ ಸುದ್ದಿಯನ್ನು ನಮ್ಮ ಹತ್ತಿರ ತನ್ನಿ. ಖುಷಿಯಿಂದ ಮಾತಾಡುತ್ತೇವೆ.

ಹೊಟ್ಟೆ ಉರಿಗೆ ಜೆಲುಸಿಲ್ ತರಹದ್ದು ಕುಡಿಯುವ ಅಭ್ಯಾಸ ಇದೆಯಾ? ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರವಿರನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಡೊಲುಟೆಗ್ರವಿರ್ ತಿಂದು 2 ಗಂಟೆ ಆದ ಮೇಲೆ ಅದನ್ನು ಕುಡಿಯಿರಿ. ಅದನ್ನೇ ಮೊದಲು ಕುಡಿದಿದ್ದರೆ 6 ಗಂಟೆ ಬಿಟ್ಟು ಮಾತ್ರೆ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ತಿನ್ನುವವರು ಮೊದಲೇ ಹೇಳಿ. ಗರ್ಭಿಣಿಯರಿಗೆ ಇವೆರಡನ್ನೂ ಕೊಟ್ಟಿರುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಿನ್ನುವವರೂ ಹೇಳಿ, ಡೊಲುಟೆಗ್ರವಿರ್ ಜೊತೆ ಅದರ ಪ್ರಮಾಣ ನೋಡಬೇಕಾಗುತ್ತದೆ. ಮಕ್ಕಳಾಗದಿರಲಿ ಅಂತ ಮಾತ್ರೆ ನುಂಗುವ ಹೆಣ್ಣುಮಕ್ಕಳಿಗೆ ರಿಫಾಂಪಿಸಿನ್ ಇರುವಷ್ಟು ದಿನ ಆ ಮಾತ್ರೆಯೊಂದನ್ನೇ ನಂಬುವ ಹಾಗಿಲ್ಲ. ಕೇಳಲು ಸಂಕೋಚವಾದರೆ ಸಿಸ್ಟರ್ ಹತ್ತಿರ ಕೇಳಿ.

ಹೆದರಬೇಕಾದ್ದು, ಹೆದರಬಾರದ್ದು

"ಅಕ್ಕಾರ, ಮೂತ್ರದಾಗ ರಕ್ತ ಬರಾಕತ್ತೈತ್ರಿ." ಟಿಬಿ ಮಾತ್ರೆ ಶುರುವಾದ ಮರುದಿನವೇ ಈ ಫೋನ್ ಬರುತ್ತದೆ. ಅದು ರಕ್ತವಲ್ಲ. ರಿಫಾಂಪಿಸಿನ್ ಮೂತ್ರ, ಬೆವರು, ಕಣ್ಣೀರು ಎಲ್ಲವನ್ನೂ ಕೇಸರಿ ಬಣ್ಣಕ್ಕೆ ತಿರುಗಿಸುತ್ತದೆ. ಬಿಳಿ ಬನಿಯನ್ನಿನ ಕಂಕುಳಲ್ಲೂ ಕಲೆ ಕಾಣಬಹುದು. ಇದು ಔಷಧಿ ಮೈಗೆ ಸೇರಿದ ಗುರುತು, ಅಷ್ಟೇ.

ಇನ್ನೊಂದು ಹೆದರಿಕೆ ಮೂರನೇ, ನಾಲ್ಕನೇ ವಾರದಲ್ಲಿ ಬರುತ್ತದೆ. ಎಚ್‌ಐವಿ ಮಾತ್ರೆ ಶುರುವಾಗಿ ಮನುಷ್ಯ ಇನ್ನೇನು ಚೇತರಿಸಿಕೊಂಡ ಅನ್ನುವಾಗ ಕುತ್ತಿಗೆಯ ಗಂಟು ನಿಂಬೆಹಣ್ಣಿನಷ್ಟು ಊದುತ್ತದೆ, ಮತ್ತೆ ಜ್ವರ. ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದು ಮಾತ್ರೆಯ ಡಬ್ಬಿಯನ್ನೇ ನನ್ನ ಟೇಬಲ್ ಮೇಲೆ ಇಟ್ಟಿದ್ದರು, "ಇದನ್ನ ತಿಂದ ಮ್ಯಾಲೇ ಹೆಚ್ಚಾತ್ರಿ" ಅಂತ. ಅವರು ನೋಡಿದ್ದು ಸರಿಯೇ. ಇಷ್ಟು ದಿನ ಸುಮ್ಮನಿದ್ದ ರೋಗನಿರೋಧಕ ಶಕ್ತಿ ಎಚ್ಚರವಾಗಿ, ಒಳಗಿದ್ದ ಟಿಬಿಯ ಮೇಲೆ ಒಮ್ಮೆಗೇ ಬೀಳುತ್ತದೆ. ಆ ಕಾದಾಟದ ಊತ ಅದು. ಡಾಕ್ಟರು ಇದನ್ನು ಐರಿಸ್ ಅನ್ನುತ್ತಾರೆ. ಹೆಚ್ಚಿನವರಿಗೆ ಮಾತ್ರೆ ನಿಲ್ಲಿಸದೆಯೇ ಇಳಿಯುತ್ತದೆ. ಕೇಪ್‌ಟೌನ್‌ನಲ್ಲಿ ಸಿಡಿ4 100 ಅಥವಾ ಅದಕ್ಕಿಂತ ಕಡಿಮೆ ಇದ್ದ 240 ಜನರಿಗೆ ಮಾಡಿದ ಅಧ್ಯಯನದಲ್ಲಿ, ಊತ ಬರುವ ಮೊದಲೇ ನಾಲ್ಕು ವಾರ ಪ್ರೆಡ್ನಿಸೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಕೊಟ್ಟ ಗುಂಪಿನಲ್ಲಿ ಇದು ಶೇ. 33ರಷ್ಟು ಜನರಿಗೆ ಮಾತ್ರ ಬಂತು, ಕೊಡದವರಲ್ಲಿ ಶೇ. 47. ಯಾರಿಗೆ ಬೇಕು ಅನ್ನುವುದನ್ನು ಡಾಕ್ಟರು ನಿರ್ಧರಿಸುತ್ತಾರೆ, ಮೆಡಿಕಲ್ ಶಾಪಿನಿಂದ ನೀವೇ ತರಬೇಡಿ.

ನಿಜವಾಗಿ ಓಡಿ ಬರಬೇಕಾದ್ದು ಬೇರೆ. ಕಣ್ಣು ಹಳದಿಯಾಗುವುದು, ಊಟ ಕಂಡರಾಗದೆ ವಾಂತಿ, ಉಸಿರಾಟಕ್ಕೆ ಕಷ್ಟ, ಬಣ್ಣ ಸರಿಯಾಗಿ ಕಾಣದಿರುವುದು, ಮೊದಲೇ ಹೇಳಿದ ಆ ತಲೆನೋವು. ಕಣ್ಣು ಹಳದಿಯಾದರೆ ಮರುದಿನಕ್ಕೆ ಕಾಯಬೇಡಿ. ಈ ಆರು ತಿಂಗಳು ಸಾರಾಯಿ ಮುಟ್ಟಬೇಡಿ. ಲಿವರ್ ಮೇಲೆ ಈಗಲೇ ಸಾಕಷ್ಟು ಭಾರ ಇದೆ.

ಬಿಡದೆ ತಿನ್ನುವುದು ಹೇಗೆ

ಫೋನಿನಲ್ಲಿ ಅಲಾರಂ ಇಟ್ಟರೆ ಸಾಕು ಅಂತ ತುಂಬಾ ಜನ ಹೇಳುತ್ತಾರೆ. ದಕ್ಷಿಣ ಭಾರತದಲ್ಲೇ 631 ಜನರ ಮೇಲೆ ಇದನ್ನು ಪರೀಕ್ಷೆ ಮಾಡಿದ್ದಾರೆ, 2014ರಲ್ಲಿ ಪ್ರಕಟವಾಯಿತು. ವಾರಕ್ಕೊಂದು ರೆಕಾರ್ಡ್ ಮಾಡಿದ ಕರೆ, ಒಂದು ಚಿತ್ರದ ಮೆಸೇಜ್, ಹೀಗೆ ಎರಡು ವರ್ಷ ಹತ್ತಿರ. ಚಿಕಿತ್ಸೆ ಕೈಕೊಡುವುದರಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಅಲಾರಂ ಬೇಡ ಅನ್ನುತ್ತಿಲ್ಲ. ಅದರ ಜೊತೆ ಒಬ್ಬ ಮನುಷ್ಯ ಬೇಕು ಅನ್ನುತ್ತಿದ್ದೇನೆ. ಮನೆಯಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಲಿ. ಯಾರಿಗೆ ಹೇಳಬೇಕು ಅನ್ನುವುದು ನಿಮ್ಮ ಆಯ್ಕೆ. 2018ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ನಾವು ಅದನ್ನು ಬಯಲು ಮಾಡುವ ಹಾಗಿಲ್ಲ.

ಹೊಲದ ಕೆಲಸಕ್ಕೆ, ಕಬ್ಬು ಕಡಿಯಲು ಬೇರೆ ಜಿಲ್ಲೆಗೆ ಹೋಗುವವರು ಹೋಗುವ ಮುಂಚೆ ಬಂದು ಹೇಳಿ. ಅಲ್ಲಿನ ಸೆಂಟರಿನಲ್ಲಿ ಮಾತ್ರೆ ಸಿಗುವ ಹಾಗೆ ಮಾಡಬಹುದು. ಟಿಬಿ ಮಾತ್ರೆಯನ್ನು ಮೊದಲು ವಾರಕ್ಕೆ ಮೂರು ದಿನ ಕೊಡುತ್ತಿದ್ದರು. ಚೆನ್ನೈನ ಕ್ಷಯ ಸಂಶೋಧನಾ ಸಂಸ್ಥೆ ಎಚ್‌ಐವಿ ಇರುವವರಲ್ಲೇ ಹೋಲಿಸಿ ನೋಡಿದಾಗ ದಿನವೂ ತಿಂದವರಿಗೆ ಗುಣ ಜಾಸ್ತಿ ಅಂತ ಗೊತ್ತಾಯಿತು. ಹಳೆಯ ನೆನಪಿನಲ್ಲಿ ಹಿರಿಯರು "ದಿನಾ ಬ್ಯಾಡ" ಅಂದರೆ ಈ ಮಾತು ಹೇಳಿ.

ಎರಡೂ ಔಷಧಿ ಉಚಿತ. ಟಿಬಿ ಇರುವಷ್ಟು ದಿನ ಊಟಕ್ಕಾಗಿ ತಿಂಗಳಿಗೆ 1,000 ರೂಪಾಯಿ ನಿಮ್ಮ ಬ್ಯಾಂಕ್ ಖಾತೆಗೆ ಬರಬೇಕು. 2024ರ ನವೆಂಬರ್‌ಗೆ ಮೊದಲು ಇದು 500 ಇತ್ತು. ಬರದಿದ್ದರೆ ಪಾಸ್‌ಬುಕ್ ಹಿಡಿದು ಟಿಬಿ ವಿಭಾಗದಲ್ಲಿ ಕೇಳಿ, ಅದು ನಿಮ್ಮ ಹಕ್ಕು. ಮೊಟ್ಟೆ, ಶೇಂಗಾ, ಬೇಳೆಗೆ ಖರ್ಚು ಮಾಡಿ.

ಟಿಬಿ ಮಾತ್ರೆ ಮುಗಿದ ದಿನ ಒಂದು ವಿಷಯ ನೆನಪಿಡಿ. ಆ ಒಂಟಿ ಡೊಲುಟೆಗ್ರವಿರ್ ಅಂದೇ ನಿಲ್ಲುವುದಿಲ್ಲ. ರಿಫಾಂಪಿಸಿನ್ನಿನ ಪ್ರಭಾವ ಲಿವರಿನಿಂದ ಇಳಿಯಲು ಸಮಯ ಬೇಕು, ಹಾಗಾಗಿ ಇನ್ನೂ ಎರಡು ವಾರ ತಿನ್ನಬೇಕು. ಅದಾದ ಮೇಲೆ ಟಿಎಲ್‌ಡಿ ಒಂದೇ. ಟಿಬಿ ಮತ್ತೆ ಬಾರದಂತೆ ತಡೆ ಮಾತ್ರೆ ಬೇಕೇ ಅಂತ ಅದೇ ದಿನ ಕೇಳಿ. ಎಚ್‌ಐವಿ ಮಾತ್ರೆ ಶುರುವಾಗಿ ಆರು ತಿಂಗಳಿಗೆ, ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆ ಇರುತ್ತದೆ. ಅದರ ತಾರೀಖನ್ನು ಗ್ರೀನ್ ಬುಕ್ಕಿನಲ್ಲಿ ಬರೆಸಿಕೊಳ್ಳಿ. ನಡುವೆ ಏನೇ ಅನುಮಾನ ಬಂದರೂ ಎಚ್‌ಐವಿಗೆ 1097, ಟಿಬಿಗೆ 1800-11-6666, ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ.